ಗಾಡಿಕೇರಿಯ ಬಯಲು

ಇಪ್ಪತ್ತಮೂರು ಮನೆಗಳಿದ್ದ ಗಾಡಿಕೇರಿಯನ್ನು ಸರ್ವೆಯರ್ ಜಿನಚಂದ್ರ ನಕ್ಷೆಯಲ್ಲಿ ಬಯಲು ಎಂದು ಬರೆದ. ‘ಅಡ್ಡ ಬರುವ ಕಟ್ಟಡಗಳು’ ಎಂಬ ಕಾಲಮಿನಲ್ಲಿ ‘ಇಲ್ಲ’ ಎಂದು ತುಂಬಿ, ಕೆಳಗೆ ಸಹಿ ಮಾಡಿ, ತಾರೀಖು ಹಾಕಿದ.

ಅದು ಸಂಕ್ರಾಂತಿ ಕಳೆದ ವಾರ. ಈಗ ಮೇ ತಿಂಗಳು. ಎಮರ್ಜೆನ್ಸಿ ಮುಗಿದು ಎರಡು ವರ್ಷವಾಗಿತ್ತು. ಕಚೇರಿಗಳಲ್ಲಿ ಮತ್ತೆ ಎಲ್ಲರೂ ತಡವಾಗಿ ಬರಲು ಶುರು ಮಾಡಿದ್ದರು, ಆದರೆ ಅರಸೀಕೆರೆಯಲ್ಲಿ ಹಾಕಲಿರುವ ಈ ಹೊಸ ಲಾರಿ ರಸ್ತೆಯ ಕಡತ ಮಾತ್ರ ಯಾರೂ ತಳ್ಳದೆ ತಾನೇ ಓಡಿತ್ತು. ಇವತ್ತು ಗೂಟ ಹೊಡೆಯುವ ದಿನ. ಹಳೇಬೀಡಿನಿಂದ ಜಾವಗಲ್ ಮೇಲೆ ಅರಸೀಕೆರೆಗೆ ಹೋಗುವ ಏಳು ಗಂಟೆಯ ಬಸ್ಸಿನಲ್ಲಿ ಜಿನಚಂದ್ರ ಕಿಟಕಿಯ ಪಕ್ಕ ಕೂತಿದ್ದ. ನಕ್ಷೆ ಇಟ್ಟಿದ್ದ ತಗಡಿನ ಕೊಳವೆ ತೊಡೆಗಳ ನಡುವೆ ನಿಂತಿತ್ತು. “ಅದೇನ್ ಸ್ವಾಮಿ, ಬಂದೂಕಾ? ಮೇಲಿಡಿ, ಜನ ಹೆದರ್ಕೊಂಡಾರು,” ಎಂದು ಕಂಡಕ್ಟರ್ ನಕ್ಕಾಗ ಹಿಂದಿನ ಸೀಟಿನವರೂ ನಕ್ಕರು. ಜಿನಚಂದ್ರನೂ ನಗಬೇಕೆಂದು ತುಟಿ ಬಿಚ್ಚಿದ. ಬಿಚ್ಚಿದ ತುಟಿಯನ್ನು ಹೇಗೆ ಮುಚ್ಚುವುದೆಂದು ತಿಳಿಯದೆ ಹೊರಗೆ ನೋಡಿದ. ಈಚೆಗೆ ಹೀಗೆಯೇ. ಯಾರು ನಕ್ಕರೂ ತನ್ನ ಗುಟ್ಟು ತಿಳಿದೇ ನಗುತ್ತಿದ್ದಾರೆ ಅನ್ನಿಸುತ್ತಿತ್ತು. ಬೆಳಗ್ಗೆ ಹೆಂಡತಿ ಶೀಲಾವತಿ ಬುತ್ತಿಯ ಡಬ್ಬಿ ಕೊಡುತ್ತ, “ಹೊತ್ತು ಮುಳುಗೋದ್ರೊಳಗೆ ಬಂದ್ಬಿಡಿ, ಅಪ್ಪ ಊಟಕ್ಕೆ ಕರೆದಿದ್ದಾರೆ,” ಅಂದಿದ್ದಳು. ಅಪ್ಪ ಎಂದರೆ ವಿಮಲನಾಥಯ್ಯ. ಜಿನಚಂದ್ರನಿಗೆ ಸೋದರಮಾವ, ಹೆಣ್ಣು ಕೊಟ್ಟ ಮಾವ, ಸರ್ವೆ ಸ್ಕೂಲಿಗೆ ಕಳಿಸಿದವರು, ಹಳೇಬೀಡಿನಲ್ಲೇ ಮನೆ ಮಾಡಿಕೊಂಡು ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟವರು. ಹೂಂ ಎಂದು ತಲೆ ಆಡಿಸಿ ಬಂದಿದ್ದ. ಯಾವ ಊಟ, ಯಾತರ ಸಂತೋಷಕ್ಕೆ ಎಂದು ಅವಳೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಆ ಮನೆಯಲ್ಲಿ ಮುಖ್ಯವಾದ ಯಾವುದನ್ನೂ ಯಾರೂ ಹೇಳುತ್ತಿರಲಿಲ್ಲ. ಜನವರಿಯಲ್ಲೂ ಮಾವ ಏನನ್ನೂ ಹೇಳಿರಲಿಲ್ಲ. ಹೇಳಿದ್ದರೆ ಎಷ್ಟು ಚೆನ್ನಾಗಿತ್ತು! ಹೇಳಿದ್ದರೆ ಇವತ್ತು ಅವರ ಮೇಲೆ ಕೋಪ ಮಾಡಿಕೊಳ್ಳಬಹುದಿತ್ತು. ಹೊಸ ರಸ್ತೆ ಹಾಯಬಹುದಾದ ಎರಡು ದಾರಿಗಳ ಸರ್ವೆ ಅವನ ಪಾಲಿಗೆ ಬಂದಿತ್ತು; ಕಟ್ಟಡ ಅಡ್ಡ ಬಾರದ ದಾರಿಯೇ ಗೊತ್ತಾಗುವುದಿತ್ತು. ಬಡಗಣದ್ದು ಮಾವನ ತೆಂಗಿನತೋಟದ ನಡುವೆ, ತೆಂಕಣದ್ದು ತೋಟದ ಮಗ್ಗುಲಿನ ಗಾಡಿಕೇರಿಯ ಮೇಲೆ. ಸರ್ವೆ ಮುಗಿಸಿ ಬಂದ ಸಂಜೆ ಎಲೆಯ ಮುಂದೆ ಕೂತಾಗ ಮಾವ ತಾವೇ ತುಪ್ಪ ಬಡಿಸುತ್ತ, “ನೂರ ನಲವತ್ತು ಮರ ಕಣೋ, ನಿಮ್ಮತ್ತೆ ಕೈಯಾರೆ ನೀರು ಹೊತ್ತು ಸಾಕಿದ್ದು,” ಎಂದರು. ಅಷ್ಟೇ. ತೀರಿಕೊಂಡ ಅತ್ತೆಯ ಫೋಟೋ ಗೋಡೆಯಲ್ಲಿತ್ತು. ತುಪ್ಪ ಸಾಕು ಎನ್ನಲು ಜಿನಚಂದ್ರ ಎಲೆಗೆ ಕೈ ಅಡ್ಡ ಹಿಡಿದ. ಕೈಯ ಮೇಲೇ ಬಡಿಸಿದರು.

ಜಾವಗಲ್ಲಿನಲ್ಲಿ ಗಂಡಸಿಯ ಮರುಳಪ್ಪ ಹತ್ತಿದ. ಮೊದಲು ಕುರಿ ವ್ಯಾಪಾರ ಮಾಡುತ್ತಿದ್ದವನು ಈಗ ಸೈಟಿನ ದಲ್ಲಾಳಿ. ಎದೆಯ ಜೇಬಿನಲ್ಲಿ ಎರಡು ಪೆನ್ನು, ಒಂದಕ್ಕೂ ಇಂಕಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. ಸೀಟಿನಲ್ಲಿದ್ದ ಮುದುಕನನ್ನು “ಒಸಿ ಸರ್ಕಳಜ್ಜ” ಎಂದು ಒತ್ತರಿಸಿ ಜಿನಚಂದ್ರನ ಮಗ್ಗುಲಿಗೇ ಬಂದು ಕೂತ.

“ಏನ್ ಸರ್ವೆಯರ್ ಸಾಹೇಬ್ರು, ಇವತ್ತೇ ಅಂತಲ್ಲ ಮುಹೂರ್ತ?”

“ಯಾವ ಮುಹೂರ್ತ?”

“ಗೂಟದ್ದು ಕಣ್ರೀ! ಊರಿಗೆಲ್ಲ ಗೊತ್ತು, ಹೊಡೆಯೋರಿಗೇ ಗೊತ್ತಿಲ್ವಾ?” ಮರುಳಪ್ಪ ಅವನ ತೊಡೆಗೆ ಹೊಡೆದ. “ನೋಡಿ, ಊರು ಅನ್ನೋದು ದನ ಇದ್ದಂಗೆ. ಮೇವು ಎತ್ತಲಾಗೈತೋ ಅತ್ತಲಾಗೆ ಮಕ ಮಾಡ್ತದೆ. ನಮ್ಮ ತಾತನ ಕಾಲದಾಗೆ ಅರಸೀಕೆರೆ ಕೆರೆ ಕಡೆ ಮಕ ಮಾಡಿತ್ತು. ರೈಲು ಬಂತು, ಸ್ಟೇಷನ್ ಕಡೆ ತಿರುಗ್ತು. ಈಗ ಲಾರಿ ಕಾಲ. ಲಾರಿ ಎತ್ತಲಾಗೆ ತಿರುಗ್ತದೋ ಊರು ಅತ್ತಲಾಗೆ. ತಿರುಗ್ಸೋರು ಯಾರು? ನೀವು! ಪೆನ್ಸಿಲ್‌ನಾಗೆ ಒಂದು ಗೆರೆ ಎಳೆದ್ರಿ, ದನದ ಮೂಗುದಾರ ನಿಮ್ಮ ಕೈಯಾಗೆ!”

ಮುದುಕ ಕೂಡ ಈಗ ಜಿನಚಂದ್ರನನ್ನು ಗೌರವದಿಂದ ನೋಡಿದ. ಮರುಳಪ್ಪ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬಸ್ಸು ನಿಲ್ಲುವ ಕಡೆ ಮೊದಲು ಒಂದು ಬೀಡಿ ಅಂಗಡಿ, ಅದರ ಪಕ್ಕಕ್ಕೆ ಚಹ, ಚಹದ ಪಕ್ಕಕ್ಕೆ ಸೈಕಲ್ ಪಂಕ್ಚರು, ಅದರ ಹಿಂದೆ ಒಂದು ಮನೆ, ಮನೆಯ ಹಿಂದೆ ಬೀದಿ. ಹೀಗೆ ಊರು ಬೆಳೆಯುವುದನ್ನು ಹದಿಮೂರು ವರ್ಷಗಳಿಂದ ಅವನು ಅಳೆಯುತ್ತ ಬಂದಿದ್ದ. ಗಾಡಿಕೇರಿಯೂ ಹಾಗೆಯೇ ಹುಟ್ಟಿದ್ದು. ರೈಲು ಬಂದಾಗ ಮಂಡಿಯಿಂದ ಗೂಡ್ಸ್ ಶೆಡ್ಡಿಗೆ ಕೊಬ್ಬರಿ ಚೀಲ ಸಾಗಿಸಲು ಸುತ್ತಲ ಹಳ್ಳಿಗಳಿಂದ ಗಾಡಿಯವರು ಬಂದರು. ಎತ್ತು ಬಿಚ್ಚಿ ಕಟ್ಟುವಲ್ಲಿ ಮೂರು ಕಲ್ಲು ಹೂಡಿ ಒಲೆ ಹಚ್ಚಿದರು. ಒಲೆಯ ಮೇಲೆ ಸೂರು ಬಂತು. ಹಳೆಯ ಸರ್ವೆ ನಕ್ಷೆಯಲ್ಲಿ ಅದು ಇನ್ನೂ ‘ಗಾಡಿ ಬಿಡುವ ಬಯಲು, ಸರ್ಕಾರಿ ಖರಾಬು’. ನಕ್ಷೆ ಬರೆದವರು ಸತ್ತು ಅರವತ್ತು ವರ್ಷವಾಗಿರಬಹುದು. ಜನವರಿಯಲ್ಲಿ ಜಿನಚಂದ್ರ ಮಾಡಿದ್ದು ಇಷ್ಟೇ: ಕಣ್ಣಾರೆ ನೋಡಿದ್ದನ್ನು ಬಿಟ್ಟು ಸತ್ತವರು ಬರೆದಿಟ್ಟದ್ದನ್ನು ಪಾರದರ್ಶಕ ಹಾಳೆಯ ಮೇಲೆ ತಿದ್ದಿದ. ಗೆರೆ ಅಂದವಾಗಿ ಬಂತು. ಹೆಡ್ ಆಫೀಸಿನವರು ಅಕ್ಷರ ಚೆನ್ನಾಗಿದೆ ಎಂದು ಹೊಗಳಿದರಂತೆ. ಮನೆ ಬೀಳಿಸಲು ಹಾರೆ ಗುದ್ದಲಿ ಬೇಕೆಂದು ತಿಳಿದವರು ಮೂರ್ಖರು. ಸೀಸದ ಮೊನೆ ಸಾಕು, ಮೇಲಾಗಿ ಅದು ಧೂಳೆಬ್ಬಿಸುವುದಿಲ್ಲ.

“ನಿಮ್ಮ ಮಾವನೋರ ಬುದ್ಧಿ ಮೆಚ್ಚಬೇಕು ಕಣ್ರೀ,” ಮರುಳಪ್ಪ ದನಿ ತಗ್ಗಿಸಿದ. ತಗ್ಗಿಸಿದ ದನಿ ಇಡೀ ಬಸ್ಸಿಗೆ ಕೇಳಿಸಿತು. “ತೋಟದ ಒಳಗೆ ರಸ್ತೆ ಹೋದ್ರೆ ತೋಟ ಹೋಯ್ತದೆ. ತೋಟದ ಮಗ್ಗುಲಾಗೆ ಹೋದ್ರೆ ತೋಟ ಸೈಟಾಯ್ತದೆ! ನಂಗೂ ಒಂದು ಮೂಲೆ ಸೈಟು ಕೊಡ್ತೀನಿ ಅಂದವ್ರೆ. ಟೈರಿನ ಅಂಗಡಿ ಹಾಕಾನ ಅಂತ.”

ಜಿನಚಂದ್ರನಿಗೆ ಕೇಳಿದ್ದು ತಲೆಗೆ ಹತ್ತಲು ಒಂದು ತಿರುವು ಕಳೆಯಿತು. “ಮರಗಳು?” ಎಂದ.

“ಯಾವ ಮರ?”

“ತೋಟದಲ್ಲಿ ನೂರ ನಲವತ್ತು ಮರ ಇವೆಯಲ್ಲ.”

ಮರುಳಪ್ಪ ಅವನನ್ನು ಹುಚ್ಚನನ್ನು ನೋಡುವಂತೆ ನೋಡಿ ಹೊಟ್ಟೆ ಕುಣಿಸಿ ನಕ್ಕ. “ಮರ ಇಟ್ಕಂಡು ಸೈಟು ಮಾಡಾಕಾಯ್ತದಾ ಸಾಹೇಬ್ರೇ? ಹೋದ ವಾರನೇ ತೊಲೆ ಮಾಡೋರಿಗೆ ಮಾತಾಡಿ ಆತು. ಮಳೆ ಹಿಡಿಯೋದ್ರೊಳಗೆ ನೆಲಸಮ. ನಿಮ್ಗೆ ಹೇಳಿಲ್ವಾ?”

ಹೇಳಿಲ್ಲ. ಆ ಮನೆಯಲ್ಲಿ ಯಾರೂ ಏನೂ ಹೇಳುವುದಿಲ್ಲ. ನಾಲ್ಕು ತಿಂಗಳಿಂದ ಜಿನಚಂದ್ರ ಮನಸ್ಸಿನಲ್ಲಿ ಒಂದು ತಕ್ಕಡಿ ಹಿಡಿದುಕೊಂಡು ಓಡಾಡಿದ್ದ. ಒಂದು ತಟ್ಟೆಯಲ್ಲಿ ಮನೆಗಳು, ಇನ್ನೊಂದರಲ್ಲಿ ಅತ್ತೆಯ ಮರಗಳು. ಮರವೂ ಜೀವವಲ್ಲವೇ, ಏಕೇಂದ್ರಿಯ ಜೀವ, ಅದನ್ನು ಉಳಿಸಿದ್ದೂ ಒಂದು ಅಹಿಂಸೆಯೇ ಎಂದು ಬಸದಿಯಲ್ಲಿ ಕಣ್ಣು ಮುಚ್ಚಿ ನಿಂತಾಗ ತನಗೆ ತಾನೇ ಹೇಳಿಕೊಂಡಿದ್ದ. ಆ ತಟ್ಟೆ ಈಗ ಬರಿದಾಗಿ ಮೇಲಕ್ಕೆ ಹಾರಿತು. ಆದರೂ, ಮನೆಗಳ ತಟ್ಟೆ ನೆಲಕ್ಕೆ ಬಡಿದ ಸದ್ದಿನಲ್ಲಿ ಅವನಿಗೆ ಸಿಟ್ಟು ಬರಲಿಲ್ಲ, ಮತ್ತಷ್ಟು ನಾಚಿಕೆ ಬಂತು. ತನಗೆ ಮೋಸ ಮಾಡುವುದು ಕೂಡ ಅಗತ್ಯವಿರಲಿಲ್ಲ. ಒಂದು ಸೌಟು ತುಪ್ಪ ಸಾಕಾಗಿತ್ತು.

ಅರಸೀಕೆರೆಯಲ್ಲಿ ಇಳಿದು ಗಾಡಿಕೇರಿಯತ್ತ ನಡೆದ. ಸ್ಟೇಷನ್ನಿನ ಕಡೆ ಎಂಜಿನ್ನೊಂದು ಹಳಿ ಬದಲಿಸುತ್ತ ಕೂಗಿತು. ಕೇರಿಯ ಬಾಯಲ್ಲಿ ಚೈನ್‌ಮನ್ ಜವರಯ್ಯ ಸರಪಳಿಯ ಗಂಟು ಹೆಗಲಿಗೆ ಹಾಕಿಕೊಂಡು ಸುಣ್ಣ ಬಳಿದ ಗೂಟಗಳ ಕಟ್ಟಿನ ಮೇಲೆ ಕೂತು ಬೀಡಿ ಸೇದುತ್ತಿದ್ದ. ಸರ್ವೆಯರನ್ನು ಕಂಡು ಬೀಡಿ ನಂದಿಸಿ ಕಿವಿಗೆ ಸಿಕ್ಕಿಸಿಕೊಂಡ. “ಉಗ್ರಪ್ಪನೋರು ಜೀಪಿನಾಗೆ ಬತ್ತಾರಂತೆ ಬುದ್ಧಿ. ಅಷ್ಟರೊಳಗೆ ಆರನೇ ಗೂಟದವರೆಗೂ ಮುಗಿಸಿರ್ಬೇಕಂತೆ.” ಉಗ್ರಪ್ಪ ರಸ್ತೆ ಕಚೇರಿಯ ಓವರ್‌ಸಿಯರ್; ಜಿನಚಂದ್ರನಿಗಿಂತ ವಯಸ್ಸಿನಲ್ಲಿ ಎಂಟು ವರ್ಷ ಚಿಕ್ಕವನು, ಕುರ್ಚಿಯಲ್ಲಿ ಒಂದು ಮೆಟ್ಟಿಲು ದೊಡ್ಡವನು. ಇಬ್ಬರೂ ಸರಪಳಿ ಎಳೆದರು. ಮೊದಲ ಐದು ಗೂಟಗಳು ಹುಲ್ಲಿನ ಮೇಲೆ ಸಲೀಸಾಗಿ ಇಳಿದವು. ಆರನೆಯದಕ್ಕೆ ಗೂಟ ಊರಿ ಸುತ್ತಿಗೆ ಎತ್ತಿದ ಜವರಯ್ಯ ಹಾಗೇ ನಿಂತ.

“ಬುದ್ಧಿ, ಇಲ್ಲಿ ಇರುವೆ ಗೂಡೈತೆ. ಸರಿಸ್ಲಾ?”

ಹದಿಮೂರು ವರ್ಷಗಳ ರೂಢಿ ಅದು. ಗೂಟದ ಕೆಳಗೆ ಇರುವೆ ಕಂಡರೆ ಜಿನಚಂದ್ರ ಅರ್ಧ ಮೊಳ ಪಕ್ಕಕ್ಕೆ ಹೊಡೆಸಿ, ಪುಸ್ತಕದಲ್ಲಿ ವ್ಯತ್ಯಾಸ ನಮೂದಿಸುತ್ತಿದ್ದ. ಚೈನ್‌ಮನ್‌ಗಳು ಹಿಂದಿನಿಂದ ‘ಇರುವೆ ಸ್ವಾಮಿ’ ಎಂದು ಕರೆಯುವುದು ಅವನಿಗೆ ಗೊತ್ತಿತ್ತು. ಗೊತ್ತಿಲ್ಲದವನಂತೆ ಇದ್ದು ಒಳಗೊಳಗೇ ಹಿಗ್ಗುತ್ತಿದ್ದ. ಜವರಯ್ಯನ ಮುಖದಲ್ಲಿ ಕುಹಕವಿದೆಯೇ ಎಂದು ಹುಡುಕಿದ. ಇರಲಿಲ್ಲ. ಅವನು ಬಗ್ಗಿ, ಹೆಬ್ಬೆರಳಿಂದ ಮಣ್ಣು ಸವರಿ, ಎಷ್ಟು ಸರಿಸಬೇಕೆಂದು ಅಂದಾಜು ಮಾಡುತ್ತಿದ್ದ. ಇರುವೆಗಳ ಸಾಲು ಗೂಟದ ಬುಡದಿಂದ ಹೊರಟು ಒಂದು ಮನೆಯ ಹೊಸ್ತಿಲ ಕಡೆಗೆ ಹೋಗಿತ್ತು. “ಸರಿಸು” ಎಂದರೂ ಸುಳ್ಳು, “ಹೊಡಿ” ಎಂದರೂ ಸುಳ್ಳು. “ಇರಲಿ ತಾಳು” ಎಂದ ಜಿನಚಂದ್ರ. ಜವರಯ್ಯ ತಾಳಿದ.

ಕೇರಿ ಇವತ್ತು ಖಾಲಿ ಇರಲಿಲ್ಲ. ಜನವರಿಯಲ್ಲಿ ಅವನು ಬಂದದ್ದು ಸಂತೆಯ ದಿನ. ಗಾಡಿಗಳೆಲ್ಲ ಮಂಡಿಗೆ, ಗಂಡಸರು ಗಾಡಿಗಳ ಹಿಂದೆ, ಹೆಂಗಸರು ಚೀಲ ಹೊಲಿಯಲು. ಬಾಗಿಲುಗಳಿಗೆ ಬೀಗವೂ ಇರಲಿಲ್ಲ, ಅಗುಳಿಗೆ ಕಡ್ಡಿ ಸಿಕ್ಕಿಸಿ ಹೋಗಿದ್ದರು. ಜನರಿಲ್ಲದಿದ್ದರಿಂದಲೇ ಮನೆಗಳು ನಿಂತ ರೀತಿ ಅವತ್ತು ಅವನಿಗೆ ಮೊದಲ ಸಲ ಕಂಡಿತ್ತು. ಸಾಲಾಗಿರಲಿಲ್ಲ, ಚೌಕವಾಗಿರಲಿಲ್ಲ, ಎರಡೆತ್ತಿನ ಗಾಡಿ ನೊಗ ಬಿಚ್ಚದೆ ಒಂದು ಸುತ್ತು ತಿರುಗಲು ಎಷ್ಟು ಜಾಗ ಬೇಕೋ ಅಷ್ಟನ್ನು ನಡುವೆ ಬಿಟ್ಟು, ಗಾಲಿಯ ಜಾಡು ಎಲ್ಲಿ ಬಾಗುತ್ತದೋ ಅಲ್ಲಿ ಗೋಡೆಯೂ ಬಾಗಿತ್ತು. ಎತ್ತುಗಳು ನಡೆದು ಬರೆದ ಊರು. ಇಷ್ಟು ಸರಿಯಾದ ವೃತ್ತಖಂಡವನ್ನು ತಾನು ಕಂಪಾಸಿಟ್ಟೂ ಎಳೆಯಲಾರೆ ಎಂದು ಅವತ್ತು ಬೆರಗಾಗಿ ನಿಂತಿದ್ದ. ಬೆರಗಾದವನೇ ಹೋಗಿ ಬಯಲು ಎಂದು ಬರೆದ.

ಜೀಪು ಬಂತು. ಉಗ್ರಪ್ಪ ಇಳಿಯುವ ಮೊದಲೇ ಕೇರಿಯ ಜನ ಸುತ್ತ ಸೇರಿದ್ದರು. ಅವನು ಯಾರಿಗೂ ಕಾಯದೆ ಹೇಳಿದ: “ನೋಡ್ರಪ್ಪ, ಇದು ಸರ್ಕಾರದ ಜಾಗ. ಸರ್ವೆ ಮಾಡಿದಾಗ ಇಲ್ಲಿ ಒಂದು ಗುಡಿಸಲೂ ಇರಲಿಲ್ಲ ಅಂತ ರೆಕಾರ್ಡ್ ಇದೆ. ರಸ್ತೆ ಸುದ್ದಿ ಕೇಳಿ ಈಗೀಗ ಹಾಕ್ಕೊಂಡಿದ್ದೀರಿ. ಪರಿಹಾರ ಗಿರಿಹಾರ ಏನೂ ಬರಲ್ಲ. ಹದಿನೈದು ದಿನ ಟೈಮು.”

ಗುಂಪಿನಲ್ಲಿ ಯಾರೋ ನಕ್ಕರು. “ಈಗೀಗಾ? ನಮ್ಮಪ್ಪ ಹುಟ್ಟಿದ್ದು ಇಲ್ಲೇ ಕಣ್ ಸ್ವಾಮಿ!” “ಬೇವಿನ ಮರಾನೂ ಈಗೀಗ ಹಾಕ್ಕಂಡಿದ್ದಾ, ಕೇಳ್ಲಾ!” ಎಂದು ಮತ್ತೊಬ್ಬ ಕೇರಿಯ ದೊಡ್ಡ ಮರದತ್ತ ಕೈ ತೋರಿಸಿದ. ನಗು ಉಗ್ರಪ್ಪನಿಗೆ ತಾಗಲಿಲ್ಲ. ಬಗಲಚೀಲದಿಂದ ಹಾಳೆ ತೆಗೆದು ಜಿನಚಂದ್ರನ ಮುಂದೆ ಜೀಪಿನ ಬಾನೆಟ್ಟಿನ ಮೇಲೆ ಹರವಿದ. “ಮಹಜರು ಬರ್ಕೊಳ್ಳಿ. ಸದರಿ ಸ್ಥಳದಲ್ಲಿರುವ ಗುಡಿಸಲುಗಳು ಸರ್ವೆಯ ನಂತರ ಅನಧಿಕೃತವಾಗಿ ಹಾಕಿಕೊಂಡವು...”

ಜಿನಚಂದ್ರ ‘ಸದರಿ ಸ್ಥಳದಲ್ಲಿ’ ಎಂದು ಬರೆದ. ಬಾನೆಟ್ಟು ಸುಡುತ್ತಿತ್ತು. ಮೊದಲ ಸುಳ್ಳು ಒಂದೇ ಶಬ್ದದ್ದಾಗಿತ್ತು, ‘ಇಲ್ಲ’. ಎರಡನೆಯದಕ್ಕೆ ಪೂರ್ತಿ ವಾಕ್ಯ ಬೇಕಾಗಿತ್ತು.

ಆಗ ಒಬ್ಬ ಹೆಂಗಸು ಗುಂಪು ಸೀಳಿಕೊಂಡು ಬಂದಳು. ಲಕ್ಕಮ್ಮ. ಆರನೇ ಗೂಟದ ಎದುರಿನ ಮನೆಯವಳು, ಐವತ್ತು ದಾಟಿದವಳು, ಚೀಲ ಹೊಲಿಯುವ ದಬ್ಬಳ ಇನ್ನೂ ಸೆರಗಿಗೆ ಚುಚ್ಚಿಕೊಂಡೇ ಇತ್ತು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ನೆಂಟರನ್ನು ಗುರುತು ಹಿಡಿದವರ ಗೆಲವು ಇತ್ತು. “ಅಯ್ಯೋ, ಈ ಸ್ವಾಮೇರು ಬಂದವ್ರಲ್ಲಾ! ಸುಮ್ನೆ ಯಾಕೆ ಜಗಳ? ಇವ್ರನ್ನೇ ಕೇಳಿ. ಸಂತೆ ದಿನ ಇವ್ರೇ ಬಂದಿದ್ರು. ನಂಗೆ ಜರ ಅಂತ ನಾನೊಬ್ಳೇ ಮನೆಯಾಗಿದ್ದೆ. ಮನೆ ಮನೆ ಎಣಿಸ್ಕಂಡು ಹೋದ್ರು. ಬಿಸಿಲಾಗೆ ನಿಂತವ್ರೆ ಅಂತ ನಾನು ನೀರು ಕೊಟ್ಟೆ. ಜೈನ್ರು, ಸೋಸದೆ ಕುಡಿಯಲ್ಲ ಅಂತ ಹೊಸ ಬಟ್ಟೆನಾಗೆ ಎರಡು ಸಲ ಸೋಸಿ ಕೊಟ್ಟೆ. ಹೌದಲ್ಲಾ ಸ್ವಾಮಿ?”

ಇಷ್ಟು ದಿನ ಜಿನಚಂದ್ರ ನಕ್ಷೆಯನ್ನು ನೆನೆದು ನಾಚಿದ್ದ, ಕಾಲಮನ್ನು ನೆನೆದು ನಾಚಿದ್ದ. ಆ ನೀರಿನ ಹತ್ತಿರಕ್ಕೆ ಮಾತ್ರ ಮನಸ್ಸನ್ನು ಬಿಟ್ಟಿರಲಿಲ್ಲ. ಅವಳು ಜ್ವರದಲ್ಲಿ ನಡುಗುತ್ತಿದ್ದಳು. ಹಿತ್ತಾಳೆ ಚೊಂಬಿನ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಕೊಡದಿಂದ ಸಣ್ಣಗೆ ಸುರಿದು, ಅವನ ತಾಯಿ ಮಾಡುತ್ತಿದ್ದ ಹಾಗೆಯೇ ಬಟ್ಟೆಯ ಮೇಲುಳಿದದ್ದನ್ನು ಮತ್ತೆ ಕೊಡಕ್ಕೇ ತೊಳೆದು ಬಿಟ್ಟಳು. ಯಾವ ಜೀವ ಎಲ್ಲಿಂದ ಬಂತೋ ಅದನ್ನು ಅಲ್ಲಿಗೇ ಸೇರಿಸಬೇಕೆಂಬ ಅವನ ಮನೆತನದ ಕಟ್ಟಳೆ ಈ ಕೇರಿಯವಳಿಗೆ ಹೇಗೆ ತಿಳಿದಿತ್ತು? ಯಾವುದೋ ಮಂಡಿಯ ಹಿತ್ತಿಲಲ್ಲಿ ದೂರ ನಿಂತು ನೋಡಿ ಕಲಿತಿರಬೇಕು. ಅವನು ಚೊಂಬು ತೆಗೆದುಕೊಂಡ. ಬಾಯಾರಿಕೆಯಿಂದ ನಾಲಿಗೆ ಅಂಗುಳಕ್ಕೆ ಅಂಟಿತ್ತು. ತೆಗೆದುಕೊಂಡು, “ಕಾಲಿಗೆ ಧೂಳಮ್ಮ,” ಎಂದು ಹೇಳಿ, ಆ ನೀರಿನಲ್ಲಿ ಕಾಲು ತೊಳೆದುಕೊಂಡ. ಕೊನೆಯ ಹನಿಯವರೆಗೂ. ಅವಳು ಚೊಂಬು ವಾಪಸು ಇಸಿದುಕೊಂಡು, “ತೊಳ್ಕಳಿ ತೊಳ್ಕಳಿ,” ಎಂದು ಬೇರೆ ಅಂದಳು. ಆಮೇಲೆ ಅವನು ಮಾವನ ಮಂಡಿಗೆ ಹೋಗಿ ನೀರು ಕುಡಿದ.

“ಹೇಳ್ರೀ,” ಎಂದ ಉಗ್ರಪ್ಪ, ನಗುತ್ತಲೇ. “ನೀವು ಬಂದಾಗ ಇಲ್ಲಿ ಮನೆ ಇದ್ವಾ?”

ಎಲ್ಲರೂ ಅವನನ್ನೇ ನೋಡಿದರು. ಅನುಮಾನದಿಂದಲ್ಲ, ನಂಬಿಕೆಯಿಂದ, ಅದೇ ತಡೆಯಲಾಗಲಿಲ್ಲ.

“ಇದ್ದವು,” ಎಂದ ಜಿನಚಂದ್ರ.

ಗುಂಪು ಹೋ ಎಂದಿತು. ಯಾರೋ ಸಿಳ್ಳೆ ಹಾಕಿದರು. ಲಕ್ಕಮ್ಮ “ನೋಡಿದ್ರಾ, ನಾನು ಹೇಳಲಿಲ್ವಾ” ಎಂದು ಉಗ್ರಪ್ಪನ ಕಡೆ ಕೈ ಚಾಚಿದಳು. ಆ ಗದ್ದಲದಲ್ಲಿ ಜಿನಚಂದ್ರ ಒಂದು ಕ್ಷಣ ಒಳ್ಳೆಯವನಾಗಿಬಿಟ್ಟ, ಹಾಗೇ ಉಳಿದುಬಿಡಬಹುದಿತ್ತು. ಒಳ್ಳೆಯವನಾಗಿರುವುದು ಎಷ್ಟು ಸುಲಭ ಎಂದು ಅವನಿಗೆ ಭಯವಾಯಿತು. “ಇದ್ದವು ಅಮ್ಮ. ಇಪ್ಪತ್ತಮೂರು. ಇಲ್ಲ ಅಂತ ಬರೆದವನೂ ನಾನೇ,” ಎಂದ.

ಕಟ್ಟಿದ್ದ ಎತ್ತೊಂದು ಕೊರಳು ಕೊಡವಿ ಗಂಟೆ ಅಲ್ಲಾಡಿತು. ಲಕ್ಕಮ್ಮನ ಚಾಚಿದ ಕೈ ನಿಧಾನವಾಗಿ ಕೆಳಗಿಳಿಯಿತು.

“ಯಾರಾನಾ ಹೇಳಿ ಬರೆಸಿದ್ರಾ ಸ್ವಾಮಿ?” ಎಂದಳು. ಅವನಿಗೊಂದು ದಾರಿ ಬಿಟ್ಟುಕೊಡುವವಳಂತೆ.

“ಇಲ್ಲ. ಯಾರೂ ಹೇಳಲಿಲ್ಲ.”

ಅವಳು ಅವನ ಕಾಲುಗಳನ್ನು ನೋಡಿದಳು. ಆ ನೋಟವನ್ನು ಅವನು ತಾಳಲಾರದಾದ. ಹದಿಮೂರು ವರ್ಷದ ನೌಕರಿ, ಸಂಜೆಯ ಎಲೆ, ಶೀಲಾವತಿ ಬಾಗಿಲಲ್ಲಿ ನಿಂತು ಕೇಳಲಿರುವ ಪ್ರಶ್ನೆ, ಎಲ್ಲವೂ ಆಮೇಲಿನದು. ಮೊದಲು ಈಕೆ ಏನಾದರೂ ಅನ್ನಬೇಕಿತ್ತು. “ಬೈಯಿರಿ ಅಮ್ಮ,” ಎಂದ. ದನಿ ಮಕ್ಕಳ ಹಠದಂತೆ ಹೊರಟಿತು. “ಎಲ್ಲರ ಎದುರಿಗೇ ಬೈದುಬಿಡಿ ನನ್ನನ್ನ.”

“ಬೈಯಾಕಿಲ್ಲ,” ಎಂದಳು ಲಕ್ಕಮ್ಮ. “ನಾನ್ಯಾಕೆ ಬೈಯಾನ? ಬೈಸ್ಕಂಡು ನೀವು ಹಗುರಾಗಿ ಬಸ್ ಹತ್ತಿ ಹೋಗ್ತೀರಿ. ನಾವೆಲ್ಲಿಗೆ ಹೋಗಾನ ಚಟ್ಟಿ ಮಡಕೆ ಹೊತ್ಕಂಡು? ಅದೇನು ಬರೆದ್ರೋ ಅದನ್ನ ನೋಡ್ಕಳಿ ಮೊದ್ಲು.” ಹೇಳಿ, ಸೆರಗಿನ ದಬ್ಬಳ ತೆಗೆದುಕೊಂಡು ಚೀಲಗಳ ರಾಶಿಯ ಕಡೆ ನಡೆದಳು. ಹಿಂದಿರುಗಿ ನೋಡಲಿಲ್ಲ.

ಉಗ್ರಪ್ಪ ಜಿನಚಂದ್ರನ ತೋಳು ಹಿಡಿದು ಜೀಪಿನ ಮರೆಗೆ ಎಳೆದ. ಅವನ ನಗು ಈಗಲೂ ಹೋಗಿರಲಿಲ್ಲ. “ಬಿಸಿಲು ಬಡಿದಿದೆ ನಿಮಗೆ. ಏನೂ ಆಗಿಲ್ಲ, ನಾನೇನೂ ಕೇಳಿಸಿಕೊಂಡಿಲ್ಲ. ಮನೇಲಿ ಹೆಂಡ್ತಿ ಇದಾರೆ, ಮಾವನ ಮುಖ ನೋಡ್ಬೇಕು. ರೆಕಾರ್ಡ್ ಸುಳ್ಳು ಅಂದ್ರೆ ಮೊದಲು ಕೆಲಸ ಹೋಗೋದು ಬರೆದೋನದು, ಅದು ಗೊತ್ತಲ್ಲ?” ಹಾಳೆಯನ್ನು ತಾನೇ ಎಳೆದುಕೊಂಡು, ‘ಸದರಿ ಸ್ಥಳದಲ್ಲಿ’ ಎಂಬ ಎರಡು ಶಬ್ದಗಳ ಮುಂದೆ ಉಳಿದದ್ದನ್ನೆಲ್ಲ ಗೀಚಿ ತುಂಬಿದ. ಎರಡು ಕೈಬರಹ ಒಂದೇ ವಾಕ್ಯದಲ್ಲಿ ಕೂಡಿಕೊಂಡವು. “ಹ್ಞಾ, ಸಹಿ ಮಾಡಿ. ಇಲ್ಲಿ.”

ಜಿನಚಂದ್ರ ಕೇರಿಯ ಕಡೆ ನೋಡಿದ. ಯಾರೂ ಅವನನ್ನು ನೋಡುತ್ತಿರಲಿಲ್ಲ. ಜನ ಜವರಯ್ಯನನ್ನು ಸುತ್ತಿಕೊಂಡು ರಸ್ತೆಯ ಅಗಲ ಎಷ್ಟು, ಗೆರೆ ಎಲ್ಲಿಂದ ಎಲ್ಲಿಗೆ ಎಂದು ಕೇಳುತ್ತಿದ್ದರು. ಈಗ ಅವನು ಏನು ಮಾಡಿದರೂ ಅದನ್ನು ಕಂಡು ಮೆಚ್ಚುವವರಿಲ್ಲ. ಕ್ಷಮಿಸುವವರು ಮೊದಲೇ ಇರಲಿಲ್ಲ.

“ಮಾಡ್ರೀ, ಹೊತ್ತಾಯ್ತು,” ಎಂದು ಉಗ್ರಪ್ಪ ಪೆನ್ನನ್ನು ಅವನ ಬೆರಳುಗಳ ನಡುವೆ ಒತ್ತಿದ.

“ಮಾಡೋದಿಲ್ಲ,” ಎಂದ ಜಿನಚಂದ್ರ.